ಅಮ್ಮ ಮರೆತ ಪ್ರಾರ್ಥನೆ

ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿ ಮೂರನೆಯ ವರ್ಷ. ಒಂದು ಸಂಜೆ ಎಂದಿನಂತೆ ಇಬ್ಬರೂ ಕೂತು ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುತ್ತಿದ್ದೆವು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರು ಮಾಡಿದ್ದು ಅವಳೇ. ‘ನಮ್ಮ ಅನುದಿನದ ಆಹಾರವನ್ನು’ ಅನ್ನುವ ತನಕ ಬಂದಳು. ಅಲ್ಲಿ ನಿಂತಳು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ನಾನು ಮುಂದಿನ ಪದ ಎತ್ತಿಕೊಟ್ಟೆ. ಅವಳು ನನ್ನ ಮುಖ ನೋಡಿ, ‘ಇನ್ನೂ ಮುಂದೆ ಇದೆಯಾ?’ ಅಂದಳು.

ಆ ಪ್ರಾರ್ಥನೆಯನ್ನು ನನಗೆ ಬಾಯಿಪಾಠ ಮಾಡಿಸಿದವಳೇ ಅವಳು. ನನಗಿನ್ನೂ ಓದಲು ಬಾರದ ವಯಸ್ಸು. ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದು ಸಾಲಿಗೂ ನನ್ನ ಒಂದೊಂದು ಬೆರಳು ಮಡಿಸುತ್ತಿದ್ದಳು. ಮಧ್ಯದಲ್ಲಿ ತಪ್ಪಿದರೆ ಬೆರಳೆಲ್ಲ ಬಿಡಿಸಿ ಮತ್ತೆ ಮೊದಲಿನಿಂದ. ಈಗ ಅವಳ ಬೆರಳು ನನ್ನ ಕೈಯಲ್ಲಿತ್ತು. ಸಾಲುಗಳು ಹೊರಟುಹೋಗಿದ್ದವು.

ಇನ್ನು ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಯೇಸು ಅಂದರೆ ಯಾರು ಅಂತ ಕೇಳಿದಳು. ತೀರಾ ಸಹಜವಾಗಿ, ಬಾಗಿಲಲ್ಲಿ ಯಾರೋ ನಿಂತಿದ್ದಾರಲ್ಲ ಯಾರದು ಅಂತ ಕೇಳುವ ಹಾಗೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಂಬಿಕೆಯ ಮೂಲಕ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದವನು ನಾನು. ಹಾಗಾದರೆ ಯಾರನ್ನು ನಂಬಿದ್ದೆ ಅನ್ನುವುದೇ ಮರೆತುಹೋದವಳ ಗತಿ ಏನು? ಈ ಪ್ರಶ್ನೆ ಬಹಳ ದಿನ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ, ಇಷ್ಟು ವರ್ಷ ನಾನು ನಂಬಿಕೆ ಅಂದುಕೊಂಡು ಕಾಪಾಡಿಕೊಂಡು ಬಂದದ್ದು ಬೇರೆ ಏನೋ ಆಗಿತ್ತು ಅಂತ ತಿಳಿಯಿತು. ಅದನ್ನೇ ಇಲ್ಲಿ ಹೇಳಬೇಕು ಅಂತಿದ್ದೇನೆ.

17ನೆಯ ವಯಸ್ಸಿನಲ್ಲಿ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಸ್ಕೇಲ್ ಹಿಡಿದು ಪುಟಕ್ಕೆ 5 ಮನೆ ಮಾಡಿ ಗೆರೆ ಎಳೆದಿದ್ದೆ. ಬೆಳಗಿನ ಪ್ರಾರ್ಥನೆ, ವಾಕ್ಯ ಓದಿದ್ದು, ರಾತ್ರಿಯ ಪ್ರಾರ್ಥನೆ, ಮಾಡಿದ ಒಳ್ಳೆಯದು, ಮಾಡಿದ ಪಾಪ. ಮೊದಲ ನಾಲ್ಕಕ್ಕೆ ನೀಲಿ ಶಾಯಿ, ಕೊನೆಯದಕ್ಕೆ ಕೆಂಪು. ಪಾಪದ ಹೆಸರನ್ನು ಪೂರ್ತಿ ಬರೆಯಲು ನಾಚಿಕೆ. ಅದಕ್ಕೇ ಒಂದೊಂದಕ್ಕೆ ಒಂದೊಂದು ಅಕ್ಷರ. ಸುಳ್ಳಿಗೆ ‘ಸು’, ಸಿಟ್ಟಿಗೆ ‘ಸಿ’, ಹೊಟ್ಟೆಕಿಚ್ಚಿಗೆ ‘ಹೊ’. ಶನಿವಾರ ರಾತ್ರಿ ಕೂತು ಎಲ್ಲವನ್ನೂ ಕೂಡಿ ಕಳೆಯುತ್ತಿದ್ದೆ. ನೀಲಿ ಜಾಸ್ತಿ ಇದ್ದ ವಾರ ಆರಾಧನೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಕೆಂಪು ಜಾಸ್ತಿ ಇದ್ದರೆ ಹಿಂದಿನ ಬೆಂಚು. ಕೆಂಪು ಮಿತಿ ಮೀರಿದ ವಾರ, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಎದ್ದು ಹೋಗುತ್ತಲೇ ಇರಲಿಲ್ಲ. ಎಲ್ಲರೂ ಸಾಲಾಗಿ ಮುಂದೆ ಹೋಗುವಾಗ ನಾನು ತಲೆ ತಗ್ಗಿಸಿ ಕೂತು ನನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದೆ.

ಹೀಗೆ ಮಾಡು ಅಂತ ಯಾರೂ ನನಗೆ ಹೇಳಿರಲಿಲ್ಲ. ಸಭೆಯಲ್ಲಿ ಎಲ್ಲರ ಜೊತೆ ನಾನೂ ಕೃಪೆಯ, ಅಂದರೆ ಯೋಗ್ಯತೆ ನೋಡದೆ ದೇವರು ತೋರುವ ದಯೆಯ, ಹಾಡುಗಳನ್ನೇ ಹಾಡುತ್ತಿದ್ದೆ. ಕೃಪೆಯ ಬಗ್ಗೆ ಪರೀಕ್ಷೆ ಇಟ್ಟರೆ ಪೂರ್ತಿ ಅಂಕ ಬರುತ್ತಿತ್ತು. ಬಾಯಿ ಕೃಪೆ ಅನ್ನುತ್ತಿತ್ತು, ಕೈ ಲೆಕ್ಕ ಬರೆಯುತ್ತಿತ್ತು.

ಎಷ್ಟೋ ವರ್ಷದ ಮೇಲೆ, ಮೆಥಡಿಸ್ಟ್ ಪಂಗಡ ಶುರು ಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿಯ ಬಗ್ಗೆ ಓದುವಾಗ ಆ ನೋಟ್‌ಬುಕ್ ನೆನಪಾಗಿ ಮೈ ಜುಮ್ಮೆಂದಿತು. ವೆಸ್ಲಿ ಆಕ್ಸ್‌ಫರ್ಡ್‌ನಲ್ಲಿದ್ದಾಗ ಗಂಟೆ ಗಂಟೆಗೂ ತಾನು ಏನು ಮಾಡಿದೆ ಅಂತ ಸಂಕೇತಾಕ್ಷರಗಳಲ್ಲಿ ಬರೆದಿಡುತ್ತಿದ್ದರು. ವಾರಕ್ಕೆ 2 ದಿನ ಉಪವಾಸ. ಜೈಲಿಗೆ ಹೋಗಿ ಕೈದಿಗಳನ್ನು ನೋಡಿ ಬರುವುದು. ಆಗಲೇ ದೀಕ್ಷೆ ಪಡೆದ ಪಾದ್ರಿ. 1735ರಲ್ಲಿ ಹಡಗು ಹತ್ತಿ ಅಮೆರಿಕದ ಜಾರ್ಜಿಯಕ್ಕೆ ಮಿಷನರಿಯಾಗಿ ಹೊರಟರು. ದಾರಿಯಲ್ಲಿ ಭಾರಿ ಬಿರುಗಾಳಿ. ಅಲೆ ಹಡಗಿನ ಮೇಲೇ ಬಂದು ಬಿತ್ತು. ಜನ ಕಿರುಚುತ್ತಿದ್ದರೆ, ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಗಡದ ಜರ್ಮನ್ ಕ್ರೈಸ್ತರು ಹೆಂಗಸರು ಮಕ್ಕಳು ಸಮೇತ ಸುಮ್ಮನೆ ಹಾಡುತ್ತಾ ಕೂತಿದ್ದರು. ವೆಸ್ಲಿಗೆ ಸಾವಿನ ಭಯ. ಅವರಿಗೆ ಇಲ್ಲ. ಇಷ್ಟೆಲ್ಲ ಮಾಡಿದ ನನ್ನಲ್ಲಿ ಇಲ್ಲದ್ದು ಇವರಲ್ಲಿ ಏನಿದೆ ಅನ್ನುವ ಪ್ರಶ್ನೆ ಅವರೊಳಗೆ ಅಲ್ಲಿ ಹೊಕ್ಕಿತು. ಸೋತು ಇಂಗ್ಲೆಂಡಿಗೆ ವಾಪಸ್ ಬಂದ ಮೇಲೆ, 1738ರ ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಅಲ್ಲಿ ಯಾರೋ ಒಬ್ಬರು ಬೈಬಲ್‌ನ ರೋಮಾಪುರದವರ ಪತ್ರಕ್ಕೆ, ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ರಾತ್ರಿ 9ಕ್ಕೆ ಇನ್ನೂ ಕಾಲು ಗಂಟೆ ಇತ್ತು, ಎದೆ ವಿಚಿತ್ರವಾಗಿ ಬೆಚ್ಚಗಾಯಿತು, ಕ್ರಿಸ್ತನೊಬ್ಬನನ್ನೇ ನಂಬಿದ್ದೇನೆ ಅನ್ನಿಸಿತು ಅಂತ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ.

ನನಗೆ ಅಂಥ ಯಾವ ರಾತ್ರಿಯೂ ಬರಲಿಲ್ಲ. ನನಗೆ ತಿಳಿದದ್ದು ನಿಧಾನವಾಗಿ, ಒಂದು ವಚನವನ್ನು ಪದ ಪದ ಬಿಡಿಸಿ ಓದಿದಾಗ. ಅದು ಬಹಳ ಕ್ರೈಸ್ತರಿಗೆ ಬಾಯಿಪಾಠ ಆಗಿರುವ ವಚನವೇ. ಎಫೆಸದವರ ಪತ್ರ, 2ನೆಯ ಅಧ್ಯಾಯ, 8ನೆಯ ವಚನ. ನಂಬಿಕೆಯ ಮೂಲಕ, ಕೃಪೆಯಿಂದ, ರಕ್ಷಣೆ.

ಕನ್ನಡದಲ್ಲಿ ಇದನ್ನು ಓದುವವರಿಗೆ ಒಂದು ಅನುಕೂಲ ಇದೆ. ‘ಇಂದ’ ಬೇರೆ, ‘ಮೂಲಕ’ ಬೇರೆ ಅಂತ ನಮ್ಮ ಕಿವಿಗೇ ಗೊತ್ತಾಗುತ್ತದೆ. ಕಿಟಕಿಯ ಮೂಲಕ ಬೆಳಕು ಬರುತ್ತದೆ, ಸೂರ್ಯನಿಂದ ಬರುತ್ತದೆ. ಕಿಟಕಿ ಬೆಳಕನ್ನು ಹುಟ್ಟಿಸುವುದಿಲ್ಲ, ಒಳಗೆ ಬಿಟ್ಟುಕೊಳ್ಳುತ್ತದೆ ಅಷ್ಟೇ. ಈ ಪತ್ರದ ಅಪೊಸ್ತಲ ಪೌಲ ಬರೆದ ಗ್ರೀಕ್‌ನಲ್ಲೂ ಈ ವ್ಯತ್ಯಾಸ ಹೀಗೇ ಇದೆ. ರಕ್ಷಣೆ ಬರುವುದು ಕೃಪೆಯಿಂದ. ನಂಬಿಕೆ ಅದು ಬರುವ ದಾರಿ. ನಾನು ಮಾತ್ರ ಜೀವನಪೂರ್ತಿ ಕಿಟಕಿಯನ್ನೇ ಒರೆಸುತ್ತಾ, ಇಷ್ಟು ಹೊಳಪು ಸಾಕಾ, ಬೆಳಕು ಹುಟ್ಟುತ್ತಾ ಅಂತ ಕಾಯುತ್ತಿದ್ದೆ.

ಮುಂದಿನ ಮಾತು ಇನ್ನೂ ಗಟ್ಟಿ. ಇದು ನಿಮ್ಮಿಂದಾದದ್ದಲ್ಲ, ದೇವರ ವರ ಅನ್ನುತ್ತಾನೆ ಪೌಲ. ಗ್ರೀಕ್‌ನಲ್ಲಿ ಕೃಪೆ, ನಂಬಿಕೆ ಎರಡೂ ಸ್ತ್ರೀಲಿಂಗದ ಪದಗಳು. ಆದರೆ ‘ಇದು’ ಅನ್ನುವಲ್ಲಿ ಅವನು ಬಳಸಿದ್ದು ನಪುಂಸಕಲಿಂಗ. ಅಂದರೆ ಅದು ಯಾವುದೋ ಒಂದು ಪದಕ್ಕೆ ಅಂಟಿಕೊಳ್ಳುವುದಿಲ್ಲ, ಈ ಇಡೀ ಸಂಗತಿಯನ್ನೇ ತೋರಿಸುತ್ತದೆ ಅಂತ ಹೆಚ್ಚಿನ ವ್ಯಾಖ್ಯಾನಕಾರರು ಹೇಳುತ್ತಾರೆ. ರಕ್ಷಣೆಯ ಆದಿ ಅಂತ್ಯ ಎಲ್ಲವೂ ಕೊಟ್ಟದ್ದು.

‘ವರ’ ಅನ್ನುವ ಪದ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ನಾವು ಕೇಳಿ ಬೆಳೆದ ಕಥೆಗಳಲ್ಲಿ ವರ ಸುಮ್ನೆ ಸಿಗುವುದಿಲ್ಲ ಅಲ್ವಾ? ಒಂಟಿ ಕಾಲಿನಲ್ಲಿ ನಿಲ್ಲಬೇಕು. ಅನ್ನ ನೀರು ಬಿಡಬೇಕು. ಸುತ್ತ ಹುತ್ತ ಬೆಳೆಯಬೇಕು. ಆಮೇಲೆ ದೇವರು ಪ್ರತ್ಯಕ್ಷನಾಗಿ, ನಿನ್ನ ತಪಸ್ಸಿಗೆ ಮೆಚ್ಚಿದೆ, ಬೇಕಾದ್ದು ಕೇಳು ಅನ್ನುತ್ತಾನೆ. ಗ್ರೀಕ್‌ನಲ್ಲಿ ಇಲ್ಲಿರುವ ಪದ ‘ದೋರೋನ್’. ಕೊಡುಗೆ ಅಂತ ಅರ್ಥ. ತಪಸ್ಸಿನ ವಾಸನೆಯೂ ಅದರಲ್ಲಿಲ್ಲ. ಅದೇ ಅಧ್ಯಾಯದ ಮೊದಲಲ್ಲೇ ಪೌಲ, ನೀವು ನಿಮ್ಮ ಪಾಪಗಳಲ್ಲಿ ಸತ್ತವರಾಗಿದ್ದಿರಿ ಅಂತ ಬರೆದಿದ್ದಾನೆ. ಸತ್ತವರು ತಪಸ್ಸು ಮಾಡಲಾರರು. ಅವರು ಅರ್ಧ ದಾರಿ ಬರಲಿ, ಉಳಿದರ್ಧ ದೇವರು ಬರುತ್ತಾನೆ ಅನ್ನುವ ಒಪ್ಪಂದಕ್ಕೆ ಇಲ್ಲಿ ಜಾಗವೇ ಇಲ್ಲ.

ಕೃಪೆ ಅಂದರೆ ದೇವರು ಪಾಪವನ್ನು ನೋಡಿಯೂ ನೋಡದ ಹಾಗೆ ಇರುವುದು ಅಂತ ಕೆಲವರು ತಿಳಿಯುತ್ತಾರೆ. ಹಾಗಲ್ಲ. ಒಬ್ಬರ ಸಾಲ ಮನ್ನಾ ಆಯಿತು ಅಂದರೆ ಆ ನಷ್ಟ ಗಾಳಿಯಲ್ಲಿ ಕರಗಿಹೋಗುವುದಿಲ್ಲ, ಕೊಟ್ಟವನ ಮೇಲೆ ಬೀಳುತ್ತದೆ. ಶಿಲುಬೆ ಅಂದರೆ ಅದು. ನಮಗೆ ಪುಕ್ಕಟೆ ಬಂದದ್ದು ಆತನಿಗೆ ಪುಕ್ಕಟೆ ಆಗಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ಸ್ವಲ್ಪ ನಿಲ್ಲುತ್ತದೆ.

ಇನ್ನು ನಂಬಿಕೆ. ಈ ಪದವನ್ನು ನಾವು ಎರಡು ರೀತಿ ಬಳಸುತ್ತೇವೆ. ‘ಅದು ಇದೆ ಅಂತ ನಂಬುತ್ತೇನೆ’ ಅನ್ನುವುದು ಒಂದು. ‘ನಿನ್ನನ್ನೇ ನಂಬಿಕೊಂಡು ಬಂದಿದ್ದೇನೆ’ ಅನ್ನುವುದು ಇನ್ನೊಂದು. ಮೊದಲನೆಯದು ತಲೆಯ ಕೆಲಸ. ದೇವರೊಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅಂತ ಬೈಬಲ್‌ನ ಇನ್ನೊಂದು ಪತ್ರದಲ್ಲಿ ಯಾಕೋಬ ಬರೆದಿದ್ದಾನೆ. ಎರಡನೆಯದು ಮೈಯ ಭಾರವನ್ನೆಲ್ಲ ಇನ್ನೊಬ್ಬರ ಮೇಲೆ ಬಿಡುವುದು. ರಕ್ಷಣೆಯ ಮಾತು ಬಂದಾಗ ಬೈಬಲ್ ಹೇಳುವ ನಂಬಿಕೆ ಈ ಎರಡನೆಯದು. ಲೂಥರ್ ಇದಕ್ಕೊಂದು ಹೋಲಿಕೆ ಕೊಟ್ಟಿದ್ದಾರೆ. ಉಂಗುರ ಹರಳನ್ನು ಹಿಡಿದುಕೊಂಡಿರುವ ಹಾಗೆ ನಂಬಿಕೆ ಕ್ರಿಸ್ತನನ್ನು ಹಿಡಿದುಕೊಂಡಿರುತ್ತದೆ ಅಂತ. ಬೆಲೆ ಇರುವುದು ಹರಳಿಗೆ.

ಇಷ್ಟು ಅರ್ಥವಾದ ಮೇಲೂ ಒಂದು ಅಪಾಯ ಉಳಿಯುತ್ತದೆ. ನಂಬಿಕೆಯನ್ನೇ ಇನ್ನೊಂದು ಪುಣ್ಯದ ಕೆಲಸ ಮಾಡಿಕೊಂಡುಬಿಡುವುದು. ಅಪ್ಪ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಒಬ್ಬ ಬೋಧಕರು ಮನೆಗೆ ಬಂದಿದ್ದರು. ತುಂಬಾ ಹೊತ್ತು ಪ್ರಾರ್ಥನೆ ಮಾಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, ‘ಈ ಮನೆಯಲ್ಲಿ ನಂಬಿಕೆ ಸಾಲದು, ಅದಕ್ಕೇ ಗುಣವಾಗುತ್ತಿಲ್ಲ’ ಅಂದರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಮ್ಮ ಆಗ ಗಟ್ಟಿಯಾಗಿದ್ದಳು, ಎಲ್ಲ ನೆನಪಿತ್ತು. ಸೆರಗಿನಲ್ಲಿ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದಳು, ‘ಇರೋಷ್ಟನ್ನೇ ತಂದಿದ್ದೀವಿ, ಅಯ್ಯನವರೇ.’

ಆಗ ನನಗೆ ಆ ಮಾತಿನ ತೂಕ ತಿಳಿಯಲಿಲ್ಲ. ನಾನು ಅಪ್ಪನ ಮಂಚದ ಪಕ್ಕ ಕೂತು, ಹಲ್ಲು ಕಚ್ಚಿ, ನಂಬಿಕೆಯನ್ನು ಜಾಸ್ತಿ ಮಾಡಿಕೊಳ್ಳಲು ಹೆಣಗುತ್ತಿದ್ದೆ. ಮಧ್ಯದಲ್ಲಿ ಒಂದು ಅನುಮಾನ ಬಂದರೂ, ಅಯ್ಯೋ, ಈಗ ಅಪ್ಪ ಹೋದರೆ ನನ್ನಿಂದಲೇ ಅಂತ ಬೆವರುತ್ತಿದ್ದೆ. ಅಪ್ಪ ಹೋದರು. ಬಹಳ ವರ್ಷ ಆ ಭಾರ ಹೊತ್ತುಕೊಂಡೇ ಇದ್ದೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಅಂಥ ಭಾರ ಹೊತ್ತಿದ್ದರೆ ದಯವಿಟ್ಟು ಕೇಳಿ. ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆದುಕೊಂಡು ಬಂದ ಒಬ್ಬ ತಂದೆ ಇದ್ದಾನೆ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಒಂದೇ ಉಸಿರಿನಲ್ಲಿ ಕೂಗಿಕೊಳ್ಳುತ್ತಾನೆ. ಯೇಸು ಅವನಿಗೆ, ಮೊದಲು ಅಪನಂಬಿಕೆ ತೊಳೆದುಕೊಂಡು ಬಾ ಅನ್ನಲಿಲ್ಲ. ಮಗನನ್ನು ಕೈಹಿಡಿದು ಎಬ್ಬಿಸಿದನು. ಆ ತಂದೆ ತಂದದ್ದೂ ಇರುವಷ್ಟನ್ನೇ.

ಲೂಥರ್ ಕೂಡ ಲೆಕ್ಕದ ಮನುಷ್ಯನೇ ಆಗಿದ್ದರು. 1505ರಲ್ಲಿ ಎರ್‌ಫರ್ಟ್‌ನ ಅಗಸ್ಟೀನಿಯನ್ ಮಠ ಸೇರಿದರು. ಪಾಪನಿವೇದನೆಗೆ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಒಂದು ಪಾಪ ಹೇಳದೆ ಬಿಟ್ಟುಹೋದರೆ ಅದಕ್ಕೆ ಕ್ಷಮೆ ಇಲ್ಲವಲ್ಲ ಅನ್ನುವ ಹೆದರಿಕೆ. ‘ದೇವರ ನೀತಿ’ ಅನ್ನುವ ಮಾತನ್ನೇ ದ್ವೇಷಿಸುತ್ತಿದ್ದೆ ಅಂತ 1545ರಲ್ಲಿ, ಸಾಯುವ ಹಿಂದಿನ ವರ್ಷ, ನೆನಪು ಮಾಡಿಕೊಂಡಿದ್ದಾರೆ. ದೇವರ ನೀತಿ ಅಂದರೆ ಪಾಪಿಯನ್ನು ದಂಡಿಸುವ ನೀತಿ ಅಂತ ಅವರಿಗೆ ಕಲಿಸಿದ್ದರು. ರೋಮಾಪುರದವರ ಪತ್ರದ 1ನೆಯ ಅಧ್ಯಾಯ 17ನೆಯ ವಚನವನ್ನು ಹಗಲು ರಾತ್ರಿ ಜಗ್ಗುತ್ತಾ ಕೂತಾಗ ಅರ್ಥವಾಯಿತು, ಇದು ದೇವರು ಕೊಡುವ ನೀತಿ. ಪಾಪಿಗೆ ತೊಡಿಸುವ ಬಟ್ಟೆ. ಆ ಗಳಿಗೆಯಲ್ಲಿ ಸ್ವರ್ಗದ ಬಾಗಿಲೇ ತೆರೆದ ಹಾಗಾಯಿತು ಅನ್ನುತ್ತಾರೆ. 1517ರ ಅಕ್ಟೋಬರ್ 31ರಂದು ಚರ್ಚನ್ನು ಪ್ರಶ್ನಿಸಿದ 95 ಪ್ರಬಂಧಗಳು, 1521ರಲ್ಲಿ ಚಕ್ರವರ್ತಿಯ ಮುಂದೆ ಮಾತು ಹಿಂತೆಗೆದುಕೊಳ್ಳದೆ ನಿಂತ ವೋರ್ಮ್ಸ್ ಸಭೆ, ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿವೆ. ನನಗೆ ಹೆಚ್ಚು ಹತ್ತಿರವಾದದ್ದು ಅವರ ಕೊನೆಯ ಚೀಟಿ. 1546ರ ಫೆಬ್ರುವರಿಯಲ್ಲಿ, ತೀರಿಕೊಳ್ಳುವ ಒಂದೆರಡು ದಿನ ಮುಂಚೆ ಬರೆದದ್ದು. ನಾವು ಭಿಕ್ಷುಕರು, ಇದು ನಿಜ. ಅಷ್ಟು ಪುಸ್ತಕ ಬರೆದು, ಇಡೀ ಬೈಬಲನ್ನು ಜರ್ಮನ್‌ಗೆ ತಂದ ಕೈ ಆ ಚೀಟಿಯನ್ನು ಮುಗಿಸಿದ್ದು ಈ ಮಾತಿನಿಂದ.

ಇದು ಲೂಥರ್ ಕಂಡುಹಿಡಿದ ಹೊಸ ಬೋಧನೆ ಅನ್ನುವವರಿದ್ದಾರೆ. ಅವರಿಗಿಂತ ಸಾವಿರ ವರ್ಷ ಮುಂಚೆಯೇ ಬಿಷಪ್ ಅಗಸ್ಟೀನ್ ಮತ್ತು ಪೆಲಾಗಿಯಸ್ ಅನ್ನುವ ಬೋಧಕನ ನಡುವೆ ಇದೇ ವಿಷಯಕ್ಕೆ ದೊಡ್ಡ ವಾದ ನಡೆದಿತ್ತು. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ ಅನ್ನುವ ಪೆಲಾಗಿಯಸನ ಮಾತನ್ನು 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಚರ್ಚಿನ ಸಭೆ ತಳ್ಳಿಹಾಕಿತು. ಕಥೊಲಿಕರ ಟ್ರೆಂಟ್ ಮಹಾಸಭೆ ಕೂಡ 1547ರಲ್ಲಿ, ಕ್ರಿಸ್ತನ ಕೃಪೆಯಿಲ್ಲದೆ ಬರೀ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಅನ್ನುವುದನ್ನು ಮೊದಲ ನಿಯಮದಲ್ಲೇ ಖಂಡಿಸಿದೆ. ಜಗಳ ಇದ್ದದ್ದು ‘ನಂಬಿಕೆಯಿಂದ ಮಾತ್ರ’ ಅನ್ನುವ ಮಾತಿನ ಬಗ್ಗೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೊಲಿಕರೂ ಒಟ್ಟಿಗೆ ಕೂತು, ದೇವರು ಮನುಷ್ಯರಿಗೆ ಕೊಡುವ ನೀತಿವಂತರೆಂಬ ನಿರ್ಣಯದ ಬಗ್ಗೆ ಮೂಲ ಸತ್ಯಗಳಲ್ಲಿ ನಮಗೆ ಒಮ್ಮತ ಇದೆ ಅಂತ ಸಹಿ ಹಾಕಿದರು. ಮೆಥಡಿಸ್ಟರು 2006ರಲ್ಲಿ ಸೇರಿದರು. ಎಲ್ಲ ವ್ಯತ್ಯಾಸ ಮುಗಿಯಿತು ಅಂತಲ್ಲ. ಆದರೂ 400ಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಒಂದೇ ಕಾಗದಕ್ಕೆ ಎರಡು ಸಹಿ ಬಿದ್ದದ್ದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಎಲ್ಲವೂ ಕೃಪೆ ಅಂದರೆ ಹೇಗೆ ಬೇಕಾದರೂ ಬದುಕಬಹುದಲ್ಲ? ಈ ಪ್ರಶ್ನೆ ಕೇಳದವರಿಲ್ಲ. ಪೌಲನಿಗೂ ಕೇಳಿದ್ದರು. ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಾ ಇರೋಣವೋ, ಎಂದಿಗೂ ಇಲ್ಲ ಅಂತ ಅವನೇ ರೋಮಾಪುರದವರಿಗೆ ಬರೆದಿದ್ದಾನೆ. ಎಫೆಸದ ಪತ್ರದಲ್ಲೂ 8 ಮತ್ತು 9ನೆಯ ವಚನ ಬಾಯಿಪಾಠ ಮಾಡುವ ನಾವು 10ನೆಯದನ್ನು ಬಿಟ್ಟುಬಿಡುತ್ತೇವೆ. ಒಳ್ಳೆಯ ಕೆಲಸಗಳಿಗಾಗಿಯೇ ನಾವು ಸೃಷ್ಟಿಯಾದವರು ಅಂತ ಅಲ್ಲಿದೆ. ಕೆಲಸದಿಂದ ರಕ್ಷಣೆಯಲ್ಲ, ಕೆಲಸಕ್ಕಾಗಿ ರಕ್ಷಣೆ. ಇಲ್ಲೂ ವಿಭಕ್ತಿಯೇ ದಾರಿ ತೋರಿಸುತ್ತದೆ.

ಹಾಗಾದರೆ ಯಾಕೋಬ? ಮನುಷ್ಯನು ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದಲೂ ನೀತಿವಂತನೆಂಬ ನಿರ್ಣಯ ಹೊಂದುತ್ತಾನೆ ಅಂತ ಅವನು ನೇರವಾಗಿಯೇ ಬರೆದಿದ್ದಾನೆ. ಲೂಥರ್‌ಗೆ ಈ ಪತ್ರ ಹಿಡಿಸಲೇ ಇಲ್ಲ. ಹುಲ್ಲಿನ ಪತ್ರ ಅಂತ 1522ರಲ್ಲಿ ಬರೆದರು. ಆ ವಿಷಯದಲ್ಲಿ ನಾನು ಲೂಥರ್ ಜೊತೆ ಇಲ್ಲ. ಪೌಲ, ಯಾಕೋಬ ಇಬ್ಬರೂ ಯೆಹೂದ್ಯರ ಮೂಲಪುರುಷ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಅವನ ಬದುಕಿನ ಎರಡು ಬೇರೆ ಬೇರೆ ದಿನಗಳಿಂದ ಕರೆಯುತ್ತಾರೆ. ಪೌಲ ತೋರಿಸುವುದು ಆದಿಕಾಂಡದ 15ನೆಯ ಅಧ್ಯಾಯದ ರಾತ್ರಿಯನ್ನು. ಮಕ್ಕಳಿಲ್ಲದ ಮುದುಕ ಆಕಾಶದ ನಕ್ಷತ್ರ ನೋಡುತ್ತಾ ನಿಂತಿದ್ದಾನೆ. ನಿನ್ನ ಸಂತತಿ ಹೀಗೇ ಆಗುತ್ತದೆ ಅನ್ನುವ ದೇವರ ಮಾತನ್ನು ನಂಬಿದ, ಅದು ಅವನಿಗೆ ನೀತಿ ಎಂದು ಎಣಿಕೆಯಾಯಿತು. ಸುನ್ನತಿ ಬರುವುದು 17ನೆಯ ಅಧ್ಯಾಯದಲ್ಲಿ. ಅಂದರೆ ಆ ವಿಧಿ ಮಾಡುವ ಮುಂಚೆಯೇ ನೀತಿವಂತನಾದ. ಯಾಕೋಬ ತೋರಿಸುವುದು 22ನೆಯ ಅಧ್ಯಾಯವನ್ನು. ವರ್ಷಗಳು ಕಳೆದಿವೆ, ಮಗ ದೊಡ್ಡವನಾಗಿದ್ದಾನೆ, ದೇವರು ಕೇಳಿದ್ದಕ್ಕೆ ಅವನನ್ನೇ ಬಲಿ ಕೊಡಲು ಅಬ್ರಹಾಮ ಬೆಟ್ಟ ಹತ್ತುತ್ತಿದ್ದಾನೆ. ಆ ರಾತ್ರಿ ನೆಟ್ಟದ್ದು ಈ ಬೆಟ್ಟದ ಮೇಲೆ ಫಲ ಬಿಟ್ಟಿತು. ಬೇರು ತೋರಿಸುವವನಿಗೂ ಹಣ್ಣು ತೋರಿಸುವವನಿಗೂ ಜಗಳ ಯಾಕೆ?

ಹಣ್ಣು ತಡವಾಗಿಯೂ ಬರಬಹುದು. ಕೃಪೆಯ ಬಗ್ಗೆ ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಹಾಡು ಬರೆದ ಜಾನ್ ನ್ಯೂಟನ್, 1748ರ ಮಾರ್ಚಿನಲ್ಲಿ ಸಮುದ್ರದ ಬಿರುಗಾಳಿಯಲ್ಲಿ ಮೊದಲ ಬಾರಿಗೆ ದೇವರನ್ನು ಕೂಗಿದರು. ಆದರೆ ಅದರ ನಂತರವೂ 1754ರ ತನಕ ಗುಲಾಮರನ್ನು ಸಾಗಿಸುವ ಹಡಗಿನಲ್ಲೇ ಇದ್ದರು, ಕ್ಯಾಪ್ಟನ್ ಕೂಡ ಆದರು. ತಾನು ಮಾಡಿದ ಆ ವ್ಯಾಪಾರದ ಕ್ರೌರ್ಯವನ್ನು ಬಹಿರಂಗವಾಗಿ ಬರೆದು ತಪ್ಪೊಪ್ಪಿಕೊಂಡದ್ದು 1788ರಲ್ಲಿ. ನಡುವೆ 40 ವರ್ಷ. ಆ 40 ವರ್ಷವನ್ನು ಹಗುರ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಆ ಹಡಗಿನ ಕೆಳಗೆ ಸರಪಳಿಯಲ್ಲಿ ಮನುಷ್ಯರಿದ್ದರು. ಕ್ಷಮೆ ಸಿಕ್ಕಿತು ಅಂತ ಹಾಡಿಕೊಂಡು ಬದುಕನ್ನು ಇದ್ದ ಹಾಗೇ ಇಟ್ಟುಕೊಳ್ಳುವುದನ್ನು ಜರ್ಮನಿಯ ಪಾದ್ರಿ ಬಾನ್‌ಹಾಫರ್ 1937ರಲ್ಲಿ ‘ಅಗ್ಗದ ಕೃಪೆ’ ಅಂತ ಕರೆದರು. ಹಿಟ್ಲರನನ್ನು ಎದುರಿಸಿ 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದವರು ಅವರು. ಆ ಮಾತು ಹೇಳುವ ಹಕ್ಕು ಅವರಿಗಿತ್ತು.

ನನ್ನ ತೊಂದರೆ ಮಾತ್ರ ಅಗ್ಗದ ಕೃಪೆಯದ್ದಾಗಿರಲಿಲ್ಲ. ನನ್ನದು ದೊಡ್ಡ ಮಗನ ತೊಂದರೆ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಇಬ್ಬರು ಗಂಡುಮಕ್ಕಳ ಕಥೆ ಬಹಳ ಜನಕ್ಕೆ ಗೊತ್ತು. ಚಿಕ್ಕವನು ಪಾಲು ತೆಗೆದುಕೊಂಡು ಹೋಗಿ ಎಲ್ಲ ಹಾಳುಮಾಡಿ ವಾಪಸ್ ಬರುತ್ತಾನೆ. ಬರುವ ಮುಂಚೆ ಹೇಳಬೇಕಾದ ಮಾತನ್ನು ತಯಾರು ಮಾಡಿಕೊಳ್ಳುತ್ತಾನೆ. ಅದರಲ್ಲಿ 3 ಮಾತು. ಅಪ್ಪಾ, ಪಾಪ ಮಾಡಿದ್ದೇನೆ. ನಿನ್ನ ಮಗ ಅನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ನನ್ನನ್ನು ನಿನ್ನ ಕೂಲಿಯವರಲ್ಲಿ ಒಬ್ಬನ ಹಾಗೆ ಇಟ್ಟುಕೋ. ಮನೆ ಹತ್ತಿರ ಬಂದಾಗ ಅಪ್ಪ ಓಡಿ ಬಂದು ಕುತ್ತಿಗೆ ತಬ್ಬಿಕೊಳ್ಳುತ್ತಾನೆ. ಮಗ ಶುರು ಮಾಡುತ್ತಾನೆ. ಮೊದಲ ಮಾತು ಹೇಳುತ್ತಾನೆ. ಎರಡನೆಯದೂ ಹೇಳುತ್ತಾನೆ. ಮೂರನೆಯದು ಬಾಯಿಂದ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ, ಬೇಗ ಒಳ್ಳೆಯ ನಿಲುವಂಗಿ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಜೋಡು ಮೆಡಿಸಿ ಅನ್ನುತ್ತಿದ್ದಾನೆ. ಕೂಲಿಯ ಮಾತೆತ್ತಲು ಅಪ್ಪ ಬಿಡಲೇ ಇಲ್ಲ. ದುಡಿದು ತೀರಿಸುತ್ತೇನೆ ಅನ್ನುವ ಮಾತೊಂದನ್ನು ಆ ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಕೂಲಿಯ ಮಾತು ಆಡಿದವನು, ತಮ್ಮನಿಗೆ ಔತಣ ಮಾಡಿದ್ದಕ್ಕೆ ಸಿಟ್ಟಾಗಿ ಹೊರಗೇ ನಿಂತ ದೊಡ್ಡವನು. ಇಷ್ಟು ವರ್ಷ ನಿನ್ನ ಸೇವೆ ಮಾಡಿದೆ, ಒಂದು ಮಾತನ್ನೂ ಮೀರಲಿಲ್ಲ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ? ಅವನು ಬಳಸಿದ ಕ್ರಿಯಾಪದಕ್ಕೆ ಗ್ರೀಕ್‌ನಲ್ಲಿ ಗುಲಾಮನ ಹಾಗೆ ದುಡಿಯುವುದು ಅಂತ ಅರ್ಥ. ಅಪ್ಪನ ಮನೆಯಲ್ಲೇ ಹುಟ್ಟಿ ಬೆಳೆದವನು ತನ್ನನ್ನು ಗುಲಾಮ ಅಂತ ತಿಳಿದುಕೊಂಡಿದ್ದ. ಅವನ ಹತ್ತಿರವೂ ಒಂದು ನೋಟ್‌ಬುಕ್ ಇತ್ತು. ನೀಲಿ ಶಾಯಿಯೇ ತುಂಬಿದ್ದ ನೋಟ್‌ಬುಕ್. ಯೇಸು ಹೇಳಿದ ಇನ್ನೊಂದು ಕಥೆಯಲ್ಲಿ, ದೇವಾಲಯದಲ್ಲಿ ನಿಂತು ವಾರಕ್ಕೆ 2 ಉಪವಾಸ ಮಾಡುತ್ತೇನೆ, ಹತ್ತರಲ್ಲಿ ಒಂದು ಪಾಲು ಕೊಡುತ್ತೇನೆ ಅಂದ ಧರ್ಮನಿಷ್ಠ ಫರಿಸಾಯನ ಹತ್ತಿರವೂ ಇತ್ತು. ಆ ಫರಿಸಾಯ ತನ್ನ ಪ್ರಾರ್ಥನೆ ಶುರು ಮಾಡಿದ್ದು ದೇವರೇ, ನಿನಗೆ ಸ್ತೋತ್ರ ಅಂತಲೇ. ಅವನ ಬಾಯಲ್ಲೂ ಕೃಪೆಯ ಮಾತು ಇತ್ತು. ಆದರೆ ನೀತಿವಂತನಾಗಿ ಮನೆಗೆ ಹೋದವನು ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನು.

ದೊಡ್ಡ ಮಗ ಕೊನೆಗೆ ಒಳಗೆ ಬಂದನೋ ಇಲ್ಲವೋ ಅಂತ ಯೇಸು ಹೇಳಲಿಲ್ಲ. ಒಳಗೆ ಹಾಡು ಕುಣಿತ ನಡೆಯುತ್ತಿದೆ. ಹೊರಗೆ ಅಪ್ಪ ಅವನನ್ನು ಕರೆಯುತ್ತಾ ನಿಂತಿದ್ದಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ನಾನು ಬಹಳ ವರ್ಷ ಆ ಅಂಗಳದಲ್ಲೇ ಇದ್ದೆ.

ಅಮ್ಮನ ಪ್ರಶ್ನೆಗೆ ಬರುತ್ತೇನೆ.

ಗಲಾತ್ಯದವರ ಪತ್ರದ 4ನೆಯ ಅಧ್ಯಾಯದಲ್ಲಿ ಪೌಲ ಒಂದು ವಾಕ್ಯ ಬರೆಯುತ್ತಾ ಬರೆಯುತ್ತಾ ತನ್ನನ್ನೇ ತಿದ್ದಿಕೊಳ್ಳುತ್ತಾನೆ. ಈಗ ನೀವು ದೇವರನ್ನು ತಿಳಿದಿದ್ದೀರಿ ಅನ್ನುತ್ತಾನೆ. ತಕ್ಷಣ, ಅಲ್ಲ, ದೇವರು ನಿಮ್ಮನ್ನು ತಿಳಿದಿದ್ದಾನೆ ಅನ್ನುತ್ತಾನೆ. ಇದನ್ನು ಎಷ್ಟು ಸಲ ಓದಿದ್ದೆನೋ ಏನೋ. ಅಮ್ಮ ಯೇಸು ಯಾರು ಅಂತ ಕೇಳಿದ ಮೇಲೆ ಓದಿದಾಗ, ಆ ‘ಅಲ್ಲ’ ಅನ್ನುವ ಒಂದು ಪದದ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದೆ. ಅವಳು ಮರೆತಳು. ಆತನು ಮರೆತಿಲ್ಲ. ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿಯೇ ಇರುತ್ತಾನೆ ಅಂತ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲೂ ಇದೆ.

ಭಕ್ತಿಯ ಬಗ್ಗೆ ನಮ್ಮ ಕಡೆ ಹಿಂದಿನಿಂದ ಬಂದ ಒಂದು ಹೋಲಿಕೆ ಇದೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ತಬ್ಬಿಕೊಂಡಿರಬೇಕು. ಕೈ ಜಾರಿದರೆ ಬಿತ್ತು. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ. ತಾಯಿಯೇ ಕುತ್ತಿಗೆ ಕಚ್ಚಿಕೊಂಡು ಹೋಗುತ್ತದೆ. ಅದು ಶ್ರೀವೈಷ್ಣವರ ಶರಣಾಗತಿಯ ಚರ್ಚೆಯಲ್ಲಿ ಬರುವ ಮಾತು, ಅದರ ಹಿನ್ನೆಲೆಯೇ ಬೇರೆ. ಆದರೂ ಆ ಚಿತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ. ನಾನು ನಂಬಿಕೆಯನ್ನು ಕೋತಿಮರಿಯ ಹಿಡಿತ ಅಂದುಕೊಂಡಿದ್ದೆ. ಹಿಡಿತ ಸಡಿಲವಾದರೆ ಕಥೆ ಮುಗಿಯಿತು ಅಂತ ಹೆದರಿದ್ದೆ. ಅಮ್ಮನ ಕೈ ಸಡಿಲವಾದದ್ದನ್ನು ನೋಡಿ, ಅವಳ ರಕ್ಷಣೆಯೇ ಸಡಿಲವಾಯಿತು ಅಂದುಕೊಂಡೆ. ಅವಳನ್ನು ಹಿಡಿದುಕೊಂಡಿದ್ದ ಕೈಯ ಕಡೆ ನಾನು ನೋಡಿರಲೇ ಇಲ್ಲ.

ಅಮ್ಮ ಹೋಗುವ ಕೆಲವು ವಾರ ಮುಂಚೆ ಪಾಸ್ಟರ್ ಮನೆಗೇ ಬಂದು ಪ್ರಭುಭೋಜನ ಕೊಟ್ಟರು. ಕೊಡಬಹುದಾ ಅಂತ ನಾನೇ ಅನುಮಾನದಿಂದ ಕೇಳಿದ್ದೆ. ‘ಅವರಿಗೆ ಏನೂ ಗೊತ್ತಾಗಲ್ಲ, ಅಯ್ಯನವರೇ’ ಅಂದೆ. ಅವರು, ‘ನಮಗೆ ಎಷ್ಟು ಗೊತ್ತಾಗುತ್ತೆ?’ ಅಂದು ಮಂಚದ ಪಕ್ಕ ಮೊಣಕಾಲೂರಿದರು. ‘ಇದು ನಿಮಗೋಸ್ಕರ ಕೊಟ್ಟ ದೇಹ, ಅಮ್ಮಾ’ ಅಂದರು. ಅಮ್ಮ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಯಾರ ಗುರುತೂ ಸಿಗಲಿಲ್ಲ. ಆದರೆ ಬಲಗೈ ಹೊದಿಕೆಯಿಂದ ತಾನಾಗಿ ಹೊರಗೆ ಬಂತು. ಎಡಗೈ ಅದರ ಕೆಳಗೆ ಸೇರಿತು. ಸುಕ್ಕುಗಟ್ಟಿದ ಆ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಖಾಲಿ ಅಂಗೈ. ಪಾಸ್ಟರ್ ರೊಟ್ಟಿಯ ಒಂದು ಸಣ್ಣ ಚೂರು ಅದರ ಮೇಲಿಟ್ಟರು.

ಅಮ್ಮ ನಿಧಾನವಾಗಿ ತಿಂದಳು. ತಿಂದು, ಮತ್ತೆ ಕೈ ಚಾಚಿದಳು.